ಬರದೂರಿನ ಹಾಯಿದೋಣಿ

ಶಿರಾ ದಾಟಿ ಹಿರಿಯೂರಿನ ಕಡೆ ಹೊರಟವರಿಗೆ ಹೆದ್ದಾರಿಯಲ್ಲೇ ಸಿಗುವ ಊರು ತಾವರೆಕೆರೆ. ಇಲ್ಲಿನ ಮನೆಗಳ ಮುಂದೆ ಟ್ರ್ಯಾಕ್ಟರ್ ಟ್ರೈಲರು, ಬತ್ತಿದ ಬೋರಿನಿಂದ ಎತ್ತಿದ ಪೈಪು, ಸುಟ್ಟ ಮೋಟರು ಬಿದ್ದಿರುವುದು ಮಾಮೂಲು. ನಮ್ಮ ಮನೆ ಮುಂದೆ ಮಾತ್ರ ಹುಣಸೆಮರದ ಬುಡದಲ್ಲಿ ಒಂದು ಹಾಯಿದೋಣಿ ಇದೆ. ವಿಳಾಸ ಕೇಳಿದವರಿಗೆ ‘ದೋಣಿ ಮೇಷ್ಟ್ರ ಮನೆ’ ಎಂದರೆ ಸಾಕು. ಮೂವತ್ತು ಚಿಲ್ಲರೆ ವರ್ಷ ಗಣಿತ ಹೇಳಿಕೊಟ್ಟದ್ದಕ್ಕೆ ಉಳಿದ ಕೀರ್ತಿ ಅದೇ.

ದೋಣಿ ತಂದವನು ನನ್ನ ಹೆಂಡತಿಯ ತಮ್ಮ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಸ್ಯಾಪರ್ ಆಗಿದ್ದವನು. ಮೊಣಕಾಲು ಮುಳುಗುವಷ್ಟು ನೀರನ್ನೇ ಹಬ್ಬ ಎಂದುಕೊಂಡಿದ್ದ ನಮ್ಮ ಸೀಮೆಯ ಹುಡುಗ ಹಲಸೂರು ಕೆರೆಯಲ್ಲಿ ಹಾಯಿ ಬಿಚ್ಚುವುದನ್ನು ಕಲಿತ. ಅವನು ಕೆಲಸಕ್ಕೆ ಸೇರಿದ ಕಾಲದಲ್ಲೇ ಸೇನೆಯ ಎಂಜಿನಿಯರುಗಳು ‘ತೃಷ್ಣಾ’ ಎಂಬ ಹಾಯಿನಾವೆಯಲ್ಲಿ 1985ರಲ್ಲಿ ಹೊರಟು, ಭೂಮಿ ಸುತ್ತಿ, 1987ರಲ್ಲಿ ವಾಪಸು ಬಂದಿದ್ದರು. ಭಾರತೀಯರು ಹಾಯಿ ಕಟ್ಟಿ ಭೂಪ್ರದಕ್ಷಿಣೆ ಮಾಡಿದ್ದು ಅದೇ ಮೊದಲು. ಆ ಗಾಳಿ ಇವನಿಗೂ ಬಡಿದಿತ್ತು. ನಿವೃತ್ತನಾಗಿ ಬರುವಾಗ ಎಲ್ಲರೂ ಕಬ್ಬಿಣದ ಟ್ರಂಕು ತಂದರೆ ಇವನು ಗುಜರಿಯಲ್ಲಿ ಕೊಂಡ ದೋಣಿಯನ್ನು ಲಾರಿಯಲ್ಲಿ ಹೇರಿಕೊಂಡು ಬಂದ.

‘ಎಂಟರ್‌ಪ್ರೈಸ್’ ಜಾತಿಯದು ಅದು. 1956ರಲ್ಲಿ ಇಂಗ್ಲೆಂಡಿನ ಜಾಕ್ ಹೋಲ್ಟ್ ರೂಪಿಸಿದ್ದು. ಉದ್ದ 13 ಅಡಿ 3 ಅಂಗುಲ, ಹಾಯಿ ನೀಲಿ. ಮೊದಮೊದಲು ಪ್ಲೈವುಡ್ಡಿನಲ್ಲಿ ಕಟ್ಟುತ್ತಿದ್ದರು. ನಮ್ಮದು ಆಮೇಲಿನ ಫೈಬರ್ ಗ್ಲಾಸಿನದು. ಊರಿನವರು ನಕ್ಕಾಗ ಅವನು ಕಗ್ಗಲಡುವಿನ ಉದಾಹರಣೆ ಕೊಡುತ್ತಿದ್ದ. ನಮ್ಮ ತಾಲ್ಲೂಕಿನ ಆ ಹಳ್ಳಿಯಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳ ಮೇಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಮರದ ಮೇಲೆ ಕೊಕ್ಕರೆ ಇರಬಹುದಾದರೆ ಮರದ ಕೆಳಗೆ ದೋಣಿ ಇದ್ದರೇನು ತಪ್ಪು ಎಂಬುದು ಅವನ ವಾದ. ಕೊಕ್ಕರೆಗೆ ಹಾರಲು ಬರುತ್ತದೆ ಎಂದು ನಾನು ಹೇಳಲು ಹೋಗಲಿಲ್ಲ.

ವರ್ಷಗಳು ಉರುಳಿದವು. ದೋಣಿಯಲ್ಲಿ ಕೋಳಿ ಕಾವು ಕೂತಿತು, ಹುರುಳಿ ಹೊಟ್ಟು ತುಂಬಿತು, ಒಂದು ಬೇಸಿಗೆ ಎಮ್ಮೆಗಳಿಗೆ ನೀರಿನ ತೊಟ್ಟಿಯೂ ಆಯಿತು. ನೀರು ಹೊರಗಿರಬೇಕಾದ ಸಾಮಾನಿನಲ್ಲಿ ನೀರು ಒಳಗೆ ನಿಂತದ್ದನ್ನು ಕಂಡು ಭಾವಮೈದ ಬೇಸರಪಟ್ಟುಕೊಳ್ಳಲಿಲ್ಲ. “ಒಳಗಿನ ನೀರು ಹೊರಕ್ಕೆ ಹೋಗ್ತಿಲ್ಲ ಅಂದ್ರೆ ಹೊರಗಿನದೂ ಒಳಕ್ಕೆ ಬರಲ್ಲ ಭಾವ” ಎಂದು ಖುಷಿಯಾದ.

2022ರ ಬೇಸಿಗೆಯಲ್ಲಿ ದೋಣಿಯ ಮೈ ರಿಪೇರಿಗೆ ಕೂತೆವು. ಮಗುಚಿ ಹಾಕಿ ಅಂಗೈ ಒರೆಸಿದರೆ ಕೈಯೆಲ್ಲ ಸೀಮೆಸುಣ್ಣ. ಮೇಲ್ಪದರದ ಜೆಲ್‌ಕೋಟು ಬಿಸಿಲಿಗೆ ಸತ್ತು ಪುಡಿ ಬಿಡುತ್ತಿತ್ತು. ವರ್ಷಗಟ್ಟಲೆ ನೀರಿನಲ್ಲೇ ಬಿದ್ದಿರುವ ದೋಣಿಗಳ ಮೈ ನೀರು ಕುಡಿದು ಬೊಬ್ಬೆ ಏಳುತ್ತದಂತೆ. ನಮ್ಮದಕ್ಕೆ ಒಂದಾದರೂ ಬೊಬ್ಬೆ ಇರಲಿಲ್ಲ. ಆ ಕಾಯಿಲೆ ಬರಬೇಕಾದರೂ ಪುಣ್ಯ ಬೇಕು.

ಹೆದ್ದಾರಿ ಬದಿಯಲ್ಲಿ ಲಾರಿ ಬಾಡಿಗೆ ಬಣ್ಣ ಹೊಡೆಯುವ ಪೇಂಟರ್ ಸಹಾಯಕ್ಕೆ ಬಂದ. ದೋಣಿಯನ್ನು ಸುತ್ತಿ ನೋಡಿ, “ಹಿಂದ್ಗಡೆ ಏನ್ ಬರೀಲಿ ಮೇಷ್ಟ್ರೇ, ಸೌಂಡ್ ಹಾರನ್ನಾ?” ಎಂದು ಕೇಳಿದ. ಆದರೆ ಕೆಲಸ ಬಲ್ಲವನು. ಸುತ್ತಿಗೆಯ ಹಿಡಿಯಿಂದ ಮೈಯೆಲ್ಲ ತಟ್ಟುತ್ತಾ, ದನಿ ಟೊಳ್ಳಾದ ಕಡೆ ಗೆರೆ ಎಳೆದ. ನಕ್ಷತ್ರದ ಹಾಗೆ ಒಡೆದ ಬಿರುಕುಗಳನ್ನು ಹಾಗೇ ಮುಚ್ಚದೆ, ಸ್ಕ್ರೂಡ್ರೈವರ್ ತುದಿಯಿಂದ ಕೆರೆದು ಅಗಲ ಮಾಡಿದ. ಗಾಯ ದೊಡ್ಡದು ಮಾಡದೆ ಲಪ್ಪ ಹಿಡಿಯುವುದಿಲ್ಲ ಎಂದ. ಆಮೇಲೆ ಉಜ್ಜುವ ಸೇವೆ. ಎಂಬತ್ತನೇ ನಂಬರಿನ ಕಾಗದದಲ್ಲಿ ಉಜ್ಜಿದಾಗ ಎದ್ದ ಗಾಜಿನ ಧೂಳು ನಸುಗುನ್ನಿ ಕಾಯಿಯ ರೋಮದಂತೆ ಕುತ್ತಿಗೆಗೆ ಹತ್ತಿತು. ರಾತ್ರಿ ಊಟಕ್ಕೆ ಕೂತವರೆಲ್ಲ ಎಡಗೈಯಲ್ಲಿ ಕೆರೆದುಕೊಳ್ಳುತ್ತಲೇ ಮುದ್ದೆ ಮುರಿದೆವು.

ರೆಸಿನ್ನಿನದು ಬೇರೆಯೇ ಸಿಟ್ಟು. ನೂರು ಭಾಗಕ್ಕೆ ಒಂದೆರಡು ಭಾಗ ಹಾರ್ಡನರ್ ಸಾಕು, ಗಟ್ಟಿಯಾಗತೊಡಗುತ್ತದೆ. ನಮ್ಮ ಬಿಸಿಲಿನಲ್ಲಿ ಬ್ರಷ್ ಅದ್ದುವಷ್ಟರಲ್ಲಿ ಮಗ್ಗಿನಲ್ಲೇ ಕಲ್ಲಾಗಿ, ಕಾದು, ಹೊಗೆಯಾಡಿತು. ಹೀಗಾಗಿ ಕೋಳಿ ಕೂಗುವ ಮೊದಲೇ ಎದ್ದು, ಹೊತ್ತು ಏರುವುದರೊಳಗೆ ಮುಗಿಸುವ ಪದ್ಧತಿಯಾಯಿತು. ಇದರ ಜೊತೆಗೆ ಹೊಸ ಜೆಲ್‌ಕೋಟಿಗೆ ಗಾಳಿ ಸೋಕಿದರೆ ಮೇಲ್ಮೈ ಅಂಟಂಟಾಗೇ ಉಳಿಯುತ್ತದೆ. ಪ್ಲಾಸ್ಟಿಕ್ ಹಾಳೆ ಹೊದಿಸಿ ಕಾಯಬೇಕು. ಹಾಳೆ ಹಾರಿದ ಒಂದು ಮೂಲೆಗೆ ಪುಣೆ ಕಡೆಯಿಂದ ಬಂದ ಲಾರಿಗಳ ಧೂಳು ಕೂತು, ಅದನ್ನು ಮತ್ತೆ ಉಜ್ಜಿದೆವು.

ಕೊನೆಯದು ವಾಟರ್ ಪೇಪರ್: 400, 800, 1200. ಇದನ್ನು ಒಣ ಮೈಮೇಲೆ ಉಜ್ಜುವಂತಿಲ್ಲ, ನೀರು ಸುರಿಯುತ್ತಲೇ ಇರಬೇಕು. ಟ್ಯಾಂಕರ್ ನೀರಿನ ಬಿಂದಿಗೆಗೆ ನಾನು ಕೈ ಹಾಕಿದಾಗ ಹೆಂಡತಿ ಅಡುಗೆಮನೆ ಬಾಗಿಲಿಗೆ ಬಂದಳು. “ದೋಣಿ ನೀರಿನ ಮೇಲೆ ಬಿಡೋದು ಅಂತ ಕೇಳಿದ್ದೆ. ನೀವು ದೋಣಿ ಮೇಲೆ ನೀರು ಬಿಡ್ತಿದ್ದೀರಲ್ಲ!” ಆಮೇಲೆ ಪಾತ್ರೆ ತೊಳೆದ ನೀರನ್ನು ಸೋಸಿ ಕೊಟ್ಟವಳೂ ಅವಳೇ. ರಬ್ಬಿಂಗ್ ಕಾಂಪೌಂಡು, ಮೇಣ ಎಲ್ಲ ಮುಗಿದ ಮೇಲೆ ಹುಣಸೆಯ ಕೊಂಬೆಗಳು ದೋಣಿಯ ಮೈಯಲ್ಲಿ ಕಾಣಿಸಿದವು. ಪೇಂಟರ್ ತಾನೇ ಹೊಡೆದ ಲಾರಿಗಳನ್ನು ನೋಡುವ ಹಾಗೆ ಒಂದು ಗಳಿಗೆ ನಿಂತು, ಬೀಡಿ ಹಚ್ಚಿದ.

ನೀರಿನ ವಿಚಾರದಲ್ಲಿ ನಮ್ಮ ತಾಲ್ಲೂಕು ಭರವಸೆಗಳಲ್ಲೇ ತೇಲುತ್ತಾ ಬಂದದ್ದು. 2020ರ ಉಪಚುನಾವಣೆಯಲ್ಲಿ ಮದಲೂರು ಕೆರೆಗೆ ಹೇಮಾವತಿ ನೀರು ಬಿಡುವ ಮಾತೇ ದೊಡ್ಡ ಮಾತಾಗಿತ್ತು. ಆದರೆ 2022ರ ಮಳೆ ಯಾರ ಪ್ರಣಾಳಿಕೆಯನ್ನೂ ಓದದೆ ಸುರಿಯಿತು. ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮ ಹಿರಿಯರ ಬಾಯಲ್ಲಿ ಮಾರಿಕಣಿವೆ, 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷ! ಜನ ಜಾತ್ರೆಯಂತೆ ಹೋದರು. ಎಲ್ಲರೂ ಕೋಡಿಯ ನೀರು ನೋಡುತ್ತಿದ್ದರೆ ನಮ್ಮ ಸ್ಯಾಪರ್ ಬೆರಳು ಒದ್ದೆ ಮಾಡಿಕೊಂಡು ಗಾಳಿ ಎತ್ತಲಿಂದ ಬರುತ್ತಿದೆ ಎಂದು ನೋಡುತ್ತಿದ್ದ.

ಮನೆಗೆ ಬಂದು ಅಟ್ಟ ಹತ್ತಿದ. ನೀಲಿ ಹಾಯಿ ಸಿಕ್ಕಿತು, ಆದರೆ ಕಡ್ಲೇಕಾಯಿ ಕಣಕ್ಕೆ ಹಾಸಿ ಹಾಸಿ, ಉಳಿದದ್ದನ್ನು ಇಲಿ ತಿಂದು, ಜರಡಿಯಾಗಿತ್ತು. ಹತ್ತಿರದ ಕೆರೆಯೊಂದರಲ್ಲಿ ದೋಣಿಯನ್ನು ಇಳಿಸಿ, ಬಿದಿರು ಗಳ ಊರಿ ತಳ್ಳಿದೆವು. ಒಂದು ಹನಿಯೂ ಒಳಗೆ ಬರಲಿಲ್ಲ. “ಹಾಯಿ ಇದ್ದಾಗ ನೀರಿಲ್ಲ, ನೀರು ಬಂದಾಗ ಹಾಯಿ ಇಲ್ಲ” ಎಂದು ದಡದಲ್ಲಿ ಯಾರೋ ನಕ್ಕರು. ಅವನೂ ನಕ್ಕ. ಹಾಯಿ ಇದ್ದರೂ ಅಷ್ಟೇ: ಗಾಳಿ ಜೋರಾದಾಗ ಅಂಚಿನಿಂದ ಹೊರಕ್ಕೆ ಬಾಗಿ ತೂಕ ಕೊಡಬೇಕು, ಅವನ ಮಂಡಿಗೆ ಈಗ ಮೆಟ್ಟಿಲೇ ಕಷ್ಟ. ಸಂಜೆಯವರೆಗೆ ಊರ ಮಕ್ಕಳನ್ನು ಸರದಿಯಲ್ಲಿ ಕೂರಿಸಿ ಸುತ್ತಾಡಿಸಿದ.

ಈ ಕೆಲಸದಿಂದ ನನಗೆ ಗಟ್ಟಿಯಾಗಿ ತಿಳಿದದ್ದು ಒಂದೇ. ರೆಸಿನ್ ಒದ್ದೆ ಮೈಗೆ ಹಿಡಿಯುವುದಿಲ್ಲ. ದೋಣಿಯನ್ನು ಒಣಗಿದಾಗಲೇ ಸರಿಮಾಡಬೇಕು. ಕೆರೆಯೂ ಹಾಗೇ. ಹೂಳೆತ್ತುವುದು, ತೂಬು ಕಟ್ಟುವುದು, ಹಳ್ಳದ ಜಾಲಿ ಕಡಿಯುವುದು ಬರಗಾಲದ ಕೆಲಸಗಳು. ಮಳೆ ಬಂದ ಮೇಲೆ ಏರಿ ಮೇಲೆ ನಿಂತು ಫೋಟೊ ತೆಗೆಯಬಹುದು, ಅಷ್ಟೇ. ಬರುವ ಬೇಸಿಗೆಯಲ್ಲಿ ನಿಮ್ಮೂರ ಕೆರೆಗೆ ನೀರು ತರುವ ಹಳ್ಳದ ಉದ್ದಕ್ಕೂ ಒಮ್ಮೆ ನಡೆದು ಬನ್ನಿ. ಬರುವಾಗ ಒಂದು ಮಚ್ಚು ಜೊತೆಗಿರಲಿ.