ಕೂಳೆ

ಮರುಹುಟ್ಟಿಗೆ ನಮ್ಮಲ್ಲಿ ದೊಡ್ಡ ದೊಡ್ಡ ಮಾತುಗಳಿವೆ: ಪುನರ್ಜನ್ಮ, ಜೀರ್ಣೋದ್ಧಾರ, ನವೋದಯ. ನನಗೆ ಅವೆಲ್ಲಕ್ಕಿಂತ ಹತ್ತಿರದ್ದು ಹೊಲಗದ್ದೆಯ ಮಾತು, ಕೂಳೆ.

ಜೋಳದ ಹೊಲದಲ್ಲಿ ಕೂಳೆ ಎಂದರೆ ಕೊಯ್ದ ಮೇಲೆ ನೆಲದಲ್ಲಿ ಉಳಿದ ಮೋಟು. ಬರಿಗಾಲಲ್ಲಿ ಹೋದರೆ ಚುಚ್ಚುತ್ತದೆ, ಆಯ್ದು ತಂದರೆ ಒಲೆಗಾಗುತ್ತದೆ. ಅಲ್ಲಿಗೆ ಮುಗಿಯಿತು. ಕನ್ನಂಬಾಡಿಯ ನಾಲೆ ಹರಿಯುವ, 1933ರಿಂದ ಸಕ್ಕರೆ ಕಾರ್ಖಾನೆ ಇರುವ ಮಂಡ್ಯದ ಕಡೆ ಆ ಮೋಟಿಗೆ ಇನ್ನೊಂದು ಆಯುಸ್ಸು. ಕಬ್ಬು ಕಡಿದು ಗಾಡಿ ಹೋದ ಮೇಲೆ ನೀರು ಬಿಟ್ಟರೆ ಮಣ್ಣೊಳಗಿನ ಕಣ್ಣು ಒಡೆಯುತ್ತದೆ. ಉಳಿದ ಬುಡಕ್ಕೂ ಕೂಳೆ, ಅದರಿಂದ ಎದ್ದ ಬೆಳೆಗೂ ಕೂಳೆ. ಬಿತ್ತಿ ಬೆಳೆದ ಕಬ್ಬಿಗೆ ಮಾತ್ರ ತನಿ ಎಂದು ಬೇರೆ ಹೆಸರು.

ಪುನರ್ಜನ್ಮದಲ್ಲಿ ಹಿಂದಿನದು ಮರೆತುಹೋಗುತ್ತದೆ ಎನ್ನುತ್ತಾರೆ. ಕೂಳೆ ಏನನ್ನೂ ಮರೆಯುವುದಿಲ್ಲ. ಹೊಸ ಮೊಳಕೆಗೆ ಮೊದಮೊದಲು ಅನ್ನವಿಡುವುದು ಹಳೆಯ ಬೇರೇ. ಹೊಸ ಬೇರು ಇಳಿದ ಮೇಲೆ ಅದು ಸಾಯುತ್ತದೆ. ತನಿಯಲ್ಲಿ ಕೆಂಪು ಕೊಳೆ ರೋಗವಿದ್ದರೆ ಅದೂ ಬುಡದಲ್ಲೇ ಕುಳಿತಿದ್ದು ಜೊತೆಗೆ ಏಳುತ್ತದೆ.

ಹಾಗಾಗಿ ಕೂಳೆ ಚೆನ್ನಾಗಿ ಬರಬೇಕಾದರೆ ತನಿಯನ್ನು ಕಡಿಯುವ ದಿನವೇ ಕೈ ಸರಿಯಿರಬೇಕು. ಮಚ್ಚು ನೆಲಮಟ್ಟಕ್ಕೆ ಬೀಳಬೇಕು. ಗೇಣುದ್ದ ಮೋಟು ಬಿಟ್ಟರೆ ಮೇಲಿನ ಕಣ್ಣುಗಳು ಒಡೆದು, ಮಣ್ಣಿನ ಹಿಡಿತವಿಲ್ಲದ ನಿಸ್ಸತ್ವ ಮೊಳಕೆ ಬರುತ್ತದೆ. ಎತ್ತರ ಉಳಿದಿದ್ದರೆ ಮತ್ತೊಮ್ಮೆ ಕೂಳೆ ಸವರಬೇಕು. ಬುಡದ ಎರಡೂ ಮಗ್ಗುಲ ಮಣ್ಣು ಬಿಡಿಸಿ, ಹಳೆಯ ಬೇರು ಹರಿದು, ಗೊಬ್ಬರ ಕೊಡಬೇಕು. ಸಾರಜನಕ ತನಿಗಿಂತ ಹೆಚ್ಚೇ ಬೇಕು. ಬುಡ ಸತ್ತ ಕಡೆ ಸಸಿ ನೆಡಬೇಕು. ತರಗಿಗೆ ಬೆಂಕಿ ಹಾಕುವುದು ನನಗೆ ಸಂಕಟದ ವಿಷಯ. ಸಾಲಿನ ನಡುವೆ ಹಾಸಿದರೆ ಅದೇ ತೇವ ಹಿಡಿಯುತ್ತದೆ, ಕೊಳೆತು ಮಣ್ಣಾಗುತ್ತದೆ.

ಬೀಜದ ಖರ್ಚಿಲ್ಲ, ಉಳುಮೆಯಿಲ್ಲ, ಕಟಾವು ತಿಂಗಳು ಮೊದಲೇ ಬರುತ್ತದೆ. ಇಷ್ಟು ಲಾಭ ಕಂಡು ಕೆಲವರು ಕೂಳೆಯನ್ನು ಪುಕ್ಕಟೆ ಬೆಳೆಯೆಂದು ಕೈಬಿಡುತ್ತಾರೆ. ಇಳುವರಿ ಕುಸಿಯುವುದಕ್ಕೆ ಆ ಅಸಡ್ಡೆಯ ಪಾಲೂ ಇದೆ. ಕೊಯಮತ್ತೂರಿನ ಕೊ 86032 ಕೂಳೆಗೆ ಹೆಸರಾದ ತಳಿ, ಆದರೆ ಅದಕ್ಕೂ ಕೊನೆಯಿಲ್ಲದ ಆಯುಸ್ಸಿಲ್ಲ. ಎರಡು ಮೂರು ಕೂಳೆ ಆದಮೇಲೆ ಬುಡ ಮೇಲೆದ್ದು, ಸಾಲು ಬಿಚ್ಚಿ, ಕಬ್ಬು ಸಣ್ಣದಾಗುತ್ತದೆ. ಆಗ ನೇಗಿಲು ಹೂಡಿ ಬುಡ ಕಿತ್ತು, ಭತ್ತಕ್ಕೋ ದ್ವಿದಳಕ್ಕೋ ನೆಲ ಬಿಡಬೇಕು. ಕೀಳುವ ವರ್ಷ ಯಾವುದೆಂದು ತಿಳಿದವನನ್ನೇ ನಾನು ಒಳ್ಳೆಯ ಕಬ್ಬು ಬೆಳೆಗಾರ ಎನ್ನುತ್ತೇನೆ.