ಕಡಲಿಲ್ಲದ ಊರಿನ ಕಡಲ ಮೀನು

ಟೆಕ್ಸಸ್ ಮತ್ತು ಓಕ್ಲಹೋಮಾ ರಾಜ್ಯಗಳ ಗಡಿಯಲ್ಲಿರುವ ಟೆಕ್ಸೋಮಾ ಸರೋವರಕ್ಕೆ ಹತ್ತಿರದ ಕಡಲೆಂದರೆ ಮೆಕ್ಸಿಕೋ ಕೊಲ್ಲಿ. ಅದೂ ಸುಮಾರು 500 ಕಿಲೋಮೀಟರ್ ದೂರ. ಸುತ್ತ ದನ ಮೇಯುವ ಹುಲ್ಲುಗಾವಲು, ಓಕ್ ಮರಗಳ ಕುರುಚಲು ದಿಬ್ಬ. ಅಂಥ ಕಡೆ ಅಟ್ಲಾಂಟಿಕ್ ಸಾಗರದ ಮೀನೊಂದು ಬಂದು ನೆಲೆಸಿದೆ, ಮೊಟ್ಟೆಯಿಟ್ಟು ಸಂಸಾರ ನಡೆಸಿದೆ ಎಂದು ಡಾಲಸ್ ಬಳಿಯ ಪ್ಲೇನೋದಲ್ಲಿರುವ ಅಣ್ಣನ ಮಗಳು ಹೇಳಿದಾಗ, ಅದನ್ನು ನೋಡದೆ ಊರಿಗೆ ಹಿಂತಿರುಗುವುದಿಲ್ಲ ಅಂದುಬಿಟ್ಟೆ.

“ಹಾಗಾದರೆ ಬೆಳಗಿನ ಜಾವವೇ ಹೊರಡಬೇಕು ಚಿಕ್ಕಪ್ಪ. ಬಿಸಿಲೇರಿದರೆ ಮೀನು ಆಳಕ್ಕಿಳಿಯುತ್ತೆ,” ಅಂದಳು.

ಅಕ್ಟೋಬರ್ ತಿಂಗಳು. 75ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದೆವು. ಅಧ್ಯಕ್ಷ ಐಸೆನ್‌ಹೋವರ್ 1890ರಲ್ಲಿ ಹುಟ್ಟಿದ ಡೆನಿಸನ್ ಊರು ಕತ್ತಲಲ್ಲೇ ಹಿಂದೆ ಸರಿಯಿತು. ದಕ್ಕೆಯಲ್ಲಿ ನಮ್ಮ ಗೈಡ್, ಅರವತ್ತು ದಾಟಿದ ಮನುಷ್ಯ, ದೋಣಿಯ ಮುಂಭಾಗದಲ್ಲಿ ನಿಂತು ಬೀಸುಬಲೆ ಎಸೆಯುತ್ತಿದ್ದ. ಕರಾವಳಿಯವನಾದ ನನಗೆ ಆ ಕೈವರಸೆ ನೋಡಿದ್ದೇ ಸಂತೋಷ. ಬಲೆಯ ಒಂದು ಅಂಚನ್ನು ಹಲ್ಲಲ್ಲಿ ಕಚ್ಚಿ, ಸೊಂಟ ತಿರುಗಿಸಿ ಬೀಸುವುದು, ಅದು ಗುಂಡಗೆ ಹರಡಿ ನೀರಿಗೆ ಬೀಳುವುದು, ಎಲ್ಲವೂ ನಮ್ಮ ಅಳಿವೆಗಳಲ್ಲಿ ಕಂಡಂತೆಯೇ ಇತ್ತು. ಬಲೆಗೆ ಬಂದದ್ದು ಶ್ಯಾಡ್, ನಮ್ಮ ಬೂತಾಯಿಯ ದೂರದ ಬಳಗದ ಬೆಳ್ಳಿಮೀನು. ಅವನ್ನು ಗುಂಡನೆಯ ತೊಟ್ಟಿಗೆ ಸುರಿದ. ತೊಟ್ಟಿಗೆ ಮೂಲೆಗಳಿದ್ದರೆ ಸದಾ ಈಜುತ್ತಲೇ ಇರಬೇಕಾದ ಈ ಮೀನು ಅಲ್ಲಿ ಸಿಕ್ಕಿಕೊಂಡು, ಹುರುಪೆ ಉದುರಿ ಸಾಯುತ್ತದಂತೆ. ಶ್ಯಾಡ್ ಜೀವಂತವಿರಬೇಕು, ಯಾಕೆಂದರೆ ಇಲ್ಲಿ ಅದೇ ಗಾಳದ ಎರೆ.

ಬೆಳಕು ಹರಿದಾಗ ನಾವು ನಡುನೀರಿನಲ್ಲಿದ್ದೆವು. ಈ ಜಲರಾಶಿಯ ಹರವು ಸುಮಾರು 89,000 ಎಕರೆ. ರೆಡ್ ನದಿಗೆ ಕಟ್ಟಿದ ಡೆನಿಸನ್ ಅಣೆಕಟ್ಟು 1944ರಲ್ಲಿ ಮುಗಿದಾಗ, ಮಣ್ಣು ತುಂಬಿ ಒತ್ತಿ ಕಟ್ಟಿದ ಅಣೆಕಟ್ಟುಗಳಲ್ಲಿ ಜಗತ್ತಿಗೇ ದೊಡ್ಡದು ಎನಿಸಿಕೊಂಡಿತ್ತು. ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರೂ ಈ ಕೆಲಸದಲ್ಲಿ ದುಡಿದರು. ಹೇಗರ್‌ಮನ್ ಎಂಬ ಊರು ಮುಳುಗಿತು. ಅದರ ಹೆಸರು ಈಗ ದಡದ ಪಕ್ಷಿಧಾಮಕ್ಕಿದೆ.

ಗೈಡ್ ಸೋನಾರ್ ಪರದೆ ನೋಡಿ ಎಂಜಿನ್ ನಿಲ್ಲಿಸಿದ. ಶ್ಯಾಡ್‌ನ ಮೂಗಿನ ಹೊಳ್ಳೆಗೆ ಗಾಳ ಚುಚ್ಚಿ ಆಳಕ್ಕೆ ಬಿಟ್ಟು, ಮರದ ಕೋಲಿನಿಂದ ದೋಣಿಯ ನೆಲವನ್ನು ಒಂದೇ ಸಮನೆ ಕುಟ್ಟತೊಡಗಿದ. ಸದ್ದಿಗೆ ಮೀನು ಓಡಿಹೋಗುವುದಿಲ್ಲವೇ ಎಂದು ಕೇಳಿದೆ. ಓಡುವುದಿಲ್ಲ, ಎಲ್ಲೋ ಬೇಟೆ ನಡೆದಿದೆ ಎಂದುಕೊಂಡು ಹುಡುಕುತ್ತ ಬರುತ್ತದೆ ಅಂದ. ಹೇಳಿ ಮುಗಿಸುವಷ್ಟರಲ್ಲಿ ನನ್ನ ಗಾಳದ ಕೋಲು ನೀರಿನತ್ತ ಬಾಗಿತು. ಎಳೆದರೆ ಬರುವ ಮೀನಲ್ಲ ಅದು. ತಳಕ್ಕೆ ನುಗ್ಗುತ್ತದೆ, ದಾರ ಕಿರುಗುಟ್ಟುತ್ತದೆ, ಒಂದಿಷ್ಟು ಸಡಿಲ ಕೊಟ್ಟು ಮತ್ತೆ ಸುತ್ತಬೇಕು. ಕೊನೆಗೆ ಮೇಲೆ ಬಂದಾಗ ಮಾತೇ ಹೊರಡಲಿಲ್ಲ. ಹಸಿರು ಮಿಶ್ರಿತ ಬೆನ್ನು, ಹೊಳೆಯುವ ಬೆಳ್ಳಿಯ ಪಕ್ಕೆ, ಕಿವಿರಿನಿಂದ ಬಾಲದ ತನಕ ಏಳೆಂಟು ಕಪ್ಪು ಗೆರೆಗಳು. ಸ್ಟ್ರೈಪ್ಡ್ ಬಾಸ್, ಇಲ್ಲಿನವರ ಬಾಯಲ್ಲಿ ಸ್ಟ್ರೈಪರ್.

ಇದು ಹುಟ್ಟಿನಿಂದ ಕಡಲು ಮತ್ತು ಹೊಳೆ ಎರಡನ್ನೂ ಬಲ್ಲ ಜೀವ. ಬದುಕು ಅಟ್ಲಾಂಟಿಕ್ ಕರಾವಳಿಯಲ್ಲಿ; ಮೊಟ್ಟೆಯಿಡಲು ಮಾತ್ರ ವಸಂತದಲ್ಲಿ ನದಿಗಳನ್ನೇರುತ್ತದೆ. ದಕ್ಷಿಣ ಕೆರೊಲೈನಾದಲ್ಲಿ 1940ರ ದಶಕದ ಆರಂಭದಲ್ಲಿ ಸ್ಯಾಂಟೀ ಮತ್ತು ಕೂಪರ್ ನದಿಗಳಿಗೆ ಕಟ್ಟೆ ಕಟ್ಟಿದಾಗ ಒಂದಷ್ಟು ಮೀನು ಒಳಗೇ ಉಳಿದವು. ಕಡಲ ದಾರಿ ಮುಚ್ಚಿದರೂ ಅವು ಅಳಿಯಲಿಲ್ಲ. ಕಟ್ಟೆಯ ಹಿಂದಿನ ಸಿಹಿನೀರಿನಲ್ಲೇ ಬೆಳೆದು, ಮೇಲಿನ ಹೊಳೆಗೇರಿ ಮೊಟ್ಟೆಯಿಟ್ಟು, ಮರಿ ಮಾಡಿದವು. ಇದನ್ನು ಕಂಡ ಮೇಲೆ ಅಮೆರಿಕದ ಎಷ್ಟೋ ಜಲಾಶಯಗಳಿಗೆ ಈ ಮೀನನ್ನು ಬಿಟ್ಟರು. ಟೆಕ್ಸೋಮಾಗೆ ಮರಿಗಳನ್ನು ಬಿಟ್ಟದ್ದು 1965ರಿಂದ 1974ರ ತನಕ.

ಬಿಟ್ಟ ಕಡೆಯೆಲ್ಲ ಮೀನು ಬದುಕಬಹುದು, ಆದರೆ ಬಹುತೇಕ ಕಡೆ ಅದು ಹುಟ್ಟಲಾರದು. ಈ ಮೀನು ಗೂಡು ಕಟ್ಟುವುದಿಲ್ಲ, ಮೊಟ್ಟೆ ಕಾಯುವುದಿಲ್ಲ. ದೊಡ್ಡ ಹೆಣ್ಣು ಹರಿವ ನೀರಿನಲ್ಲಿ ಲಕ್ಷಗಟ್ಟಲೆ ಮೊಟ್ಟೆ ಚೆಲ್ಲಿಬಿಡುತ್ತದೆ, ಸುತ್ತ ಮುತ್ತಿದ ಗಂಡುಗಳು ನೀರನ್ನು ಕಲಕುತ್ತ ಅದೇ ಹೊತ್ತಿಗೆ ಬೀಜ ಬಿಡುತ್ತವೆ. ಮೊಟ್ಟೆ ತೇಲುವುದೂ ಇಲ್ಲ, ಕಲ್ಲಿನಂತೆ ಮುಳುಗುವುದೂ ಇಲ್ಲ. ಸುಮಾರು ಎರಡು ದಿನ, ಮರಿ ಹೊರಬರುವ ತನಕ, ಹೊಳೆ ಅದನ್ನು ಎತ್ತಿ ಒಯ್ಯುತ್ತಲೇ ಇರಬೇಕು. ಹರಿವು ನಿಂತರೆ ಮೊಟ್ಟೆ ತಳದ ಕೆಸರಿಗೆ ಕೂತು ಉಸಿರುಗಟ್ಟುತ್ತದೆ. ಅಷ್ಟು ಉದ್ದದ ತಡೆಯಿಲ್ಲದ ಹೊಳೆ ಎಷ್ಟು ಜಲಾಶಯಗಳ ಮೇಲಿದೆ? ಟೆಕ್ಸೋಮಾಗೆ ಎರಡಿವೆ: ರೆಡ್ ಮತ್ತು ವಾಶಿಟಾ. ಬೇರೆ ಬಹುತೇಕ ಸರೋವರಗಳಿಗೆ ಮರಿಸಾಕಣೆ ಕೇಂದ್ರಗಳಿಂದ ಮತ್ತೆಮತ್ತೆ ಮರಿ ತಂದು ಬಿಡಬೇಕು. ಇಲ್ಲಿ ಅದರ ಅಗತ್ಯವಿಲ್ಲ.

ನನ್ನನ್ನು ಇನ್ನೂ ಬೆರಗಿನಲ್ಲಿಟ್ಟಿರುವುದು ಬೇರೊಂದು. ಗೈಡ್ ಬೊಗಸೆ ನೀರೆತ್ತಿ ರುಚಿ ನೋಡಲು ಹೇಳಿದ. ನಾಲಿಗೆಯ ತುದಿಗೆ ಎಳೆಯಾಗಿ ಉಪ್ಪು ತಾಕಿತು. ಮೇಲುಗಡೆ, ರೆಡ್ ನದಿ ಬರುವ ದಾರಿಯಲ್ಲಿ, 25 ಕೋಟಿ ವರ್ಷಗಳಿಗೂ ಹಿಂದೆ, ಪೆರ್ಮಿಯನ್ ಯುಗದಲ್ಲಿ ಒಂದು ಕಡಲಿತ್ತು. ಅದು ಬತ್ತಿಹೋಯಿತು, ಉಪ್ಪು ನೆಲದೊಳಗೆ ಉಳಿಯಿತು. ಒರತೆಗಳು ಆ ಉಪ್ಪನ್ನು ಕರಗಿಸಿ ಇಂದಿಗೂ ನದಿಗೆ ತರುತ್ತಿವೆ. ಅಟ್ಲಾಂಟಿಕ್‌ನ ಮೀನು ಈ ಒಳನಾಡಿಗೆ ಬಂದು ಈಜುತ್ತಿರುವುದು ಸತ್ತುಹೋದ ಕಡಲೊಂದರ ಉಪ್ಪಿನಲ್ಲಿ!

ಅಷ್ಟರಲ್ಲಿ ದೂರದಲ್ಲಿ ಕಡಲಕ್ಕಿಗಳ ಗದ್ದಲ. ಗೈಡ್ ದೋಣಿಯನ್ನು ಅತ್ತ ಓಡಿಸಿದ. ಸ್ಟ್ರೈಪರ್ ಹಿಂಡು ಶ್ಯಾಡ್‌ಗಳನ್ನು ಕೆಳಗಿನಿಂದ ಅಟ್ಟಿ ಮೇಲ್ಮೈಗೆ ತಂದಿತ್ತು. ಕಾದ ಬಾಣಲೆಯ ಅರಳಿನಂತೆ ನೀರು ಚಟಚಟನೆ ಸಿಡಿಯುತ್ತಿತ್ತು, ಕೆಳಗಿಂದ ಮೀನು, ಮೇಲಿಂದ ಹಕ್ಕಿ, ನಡುವೆ ಶ್ಯಾಡ್. ಅಣ್ಣನ ಮಗಳು “ಚಿಕ್ಕಪ್ಪ, ಎಸೀರಿ, ಎಸೀರಿ!” ಎಂದು ಕೂಗುತ್ತಿದ್ದಳು. ನಾನು ಗಾಳ ಎಸೆಯಲೇ ಇಲ್ಲ, ನೋಡುತ್ತ ನಿಂತುಬಿಟ್ಟೆ. ಕೆಲವೇ ನಿಮಿಷ. ಹಿಂಡು ಮುಳುಗಿತು, ಹಕ್ಕಿಗಳು ಚದುರಿದವು.

ಇಲ್ಲಿನ ಕಟ್ಟಳೆ ನನಗೆ ಮೆಚ್ಚುಗೆಯಾಯಿತು. ದಿನಕ್ಕೆ ಒಬ್ಬರಿಗೆ 10 ಮೀನು, ಅವುಗಳಲ್ಲಿ 20 ಇಂಚು ಅಥವಾ ಅದಕ್ಕಿಂತ ಉದ್ದದ್ದು 2 ಮಾತ್ರ. ಮೊಟ್ಟೆ ಹೆಚ್ಚು ಇಡುವ ದೊಡ್ಡ ಹೆಣ್ಣುಗಳು ಉಳಿಯುವುದು ಇಂಥ ಮಿತಿಯಿಂದಲೇ.

ಡಾಲಸ್ ಸುತ್ತಮುತ್ತ ಇರುವ, ಅಲ್ಲಿಗೆ ಮಕ್ಕಳನ್ನು ನೋಡಲು ಹೋಗುವ ಕನ್ನಡಿಗರಲ್ಲಿ ಒಂದು ಕೋರಿಕೆ. ಟೆಕ್ಸೋಮಾಗೆ ಹೋದರೆ ಅಣೆಕಟ್ಟು ನೋಡಿ, ಮೀನು ಹಿಡಿದು ಅಷ್ಟಕ್ಕೇ ಹಿಂತಿರುಗಬೇಡಿ. ಏಪ್ರಿಲ್‌ನಲ್ಲಿ ಒಂದು ದಿನ ಬಿಡುವು ಮಾಡಿಕೊಂಡು ಮೇಲಕ್ಕೆ, ವಾಶಿಟಾ ಹರಿದು ಬರುವ ಕಡೆಗೆ ಹೋಗಿ. ಕದಡಿದ, ನೋಡಲು ಏನೂ ಇಲ್ಲವೆನ್ನಿಸುವ ನೀರು ಅದು. ಮೀನು ಹುಟ್ಟುವುದು ಅಂಥ ನೀರಿನಲ್ಲಿ. ಆ ಹರಿವಿಗೆ ಅಡ್ಡಲಾಗಿ ಇನ್ನೊಂದು ಕಟ್ಟೆ ಎದ್ದರೆ, ಟೆಕ್ಸೋಮಾಗೂ ಮರಿಗಳನ್ನು ಹೊರಗಿನಿಂದಲೇ ತಂದು ಬಿಡಬೇಕಾದೀತು.