ವಾಡಿಯಲ್ಲಿ ಕಂಡ ಎರಡನೇ ಝಂಡಾ

ಒಂದೇ ಮಳೆಗಾಲದಲ್ಲಿ ಎರಡು ಸಲ ಸ್ವಾತಂತ್ರ್ಯದ ಬಾವುಟ ಏರಿದ್ದನ್ನು ನಾನು ನೋಡಿದ್ದು 2019ರಲ್ಲಿ. ಆಗಸ್ಟ್ 15ರದ್ದು ನಮ್ಮ ಮಂಡ್ಯದಲ್ಲಿ, ಎಂದಿನಂತೆ. ಸೆಪ್ಟೆಂಬರ್ 17ರದ್ದು ಕಲಬುರಗಿ ಜಿಲ್ಲೆಯ ವಾಡಿಯಲ್ಲಿ. ಅದನ್ನು ನೋಡಲೆಂದೇ ಹೋದವನಲ್ಲ. ಸನ್ನತಿ ಪಕ್ಕದ ಕನಗನಹಳ್ಳಿಯಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪ ಇದೆಯಲ್ಲ, ಅದನ್ನು ಕಣ್ಣಾರೆ ಕಾಣುವ ಆಸೆಯಿಂದ ಹೊರಟು, ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಗೆಳೆಯನ ಮನೆಯಲ್ಲಿ ಇಳಿದಿದ್ದೆ. ಬೆಳಿಗ್ಗೆ ಚೀಲ ಹೆಗಲಿಗೇರಿಸಿದರೆ ಅವನು, "ನಾಳಿ ಹೋಗೋಣ್ರಿ, ಇವತ್ತು ಝಂಡಾ ಅದ" ಎಂದ.

ಯಾವ ಝಂಡಾ ಎಂದು ಕೇಳಿದೆ. ಅವನು ನನ್ನನ್ನು ಪರದೇಶಿಯನ್ನು ನೋಡುವಂತೆ ನೋಡಿದ. ಹಾಗೆ ನೋಡಿದರೆ ನಾನು ಪರದೇಶಿಯೇ. ಮೈಸೂರು ಸೀಮೆಯ ನಾವು ಶಾಲೆಯಲ್ಲಿ ಓದಿದ ಸ್ವಾತಂತ್ರ್ಯಕ್ಕೆ ಒಂದೇ ತಾರೀಕು.

ಶಾಲೆಯ ಅಂಗಳಕ್ಕೆ ಹೋದೆವು. ನೆಲಕ್ಕೆಲ್ಲ ಶಹಾಬಾದಿನ ಫರಸಿ ಕಲ್ಲು, ರಾತ್ರಿ ಮಳೆಗೆ ತೊಳೆದು ನೀಲಿಯಾಗಿತ್ತು. ಬೇವಿನ ಎಲೆಗಳ ಮೇಲೆ ಮಾತ್ರ ಮಳೆಗೂ ಬಗ್ಗದ ಸಿಮೆಂಟಿನ ಬೂದಿ. ಆ ವರ್ಷವೇ ಸರ್ಕಾರ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಮಾಡಿತ್ತು. ಬ್ಯಾನರಿನಲ್ಲಿ ಉತ್ಸವ ಎಂದಿದ್ದರೂ ಮೈಕು ಹಿಡಿದವರೆಲ್ಲ ವಿಮೋಚನಾ ದಿನ ಎಂದೇ ಅನ್ನುತ್ತಿದ್ದರು. ಎಣ್ಣೆ ಹಚ್ಚಿ ಎರಡು ಜಡೆ ಬಿಗಿದ ಹುಡುಗಿಯೊಬ್ಬಳು ಸರದಾರ್ ಪಟೇಲರ ಮೇಲೆ ಭಾಷಣ ಶುರುಮಾಡಿದಳು. 'ಆಪರೇಷನ್' ತನಕ ಬಂದು ನಿಂತುಬಿಟ್ಟಳು. ಹಿಂದಿನ ಸಾಲಿನಿಂದ ನಾಲ್ಕಾರು ಮಕ್ಕಳು "ಪೋಲೋ, ಪೋಲೋ" ಎಂದು ಕೂಗಿದ ಮೇಲೆ ರೈಲು ಮತ್ತೆ ಹೊರಟಿತು. ಈ ಭಾಗದ ಮಕ್ಕಳಿಗೆ ಸೀಟಿನ ಮೀಸಲಾತಿ ತಂದ ಸಂವಿಧಾನದ 371(ಜೆ) ವಿಧಿ ಬಂದಾಗ ಮಾತ್ರ ಅವಳಿಗೆ ತಡವರಿಕೆಯಿಲ್ಲ. ಸೀಟಿನ ವಿಷಯ ನೋಡಿ, ಅದನ್ನು ಯಾವ ಮಕ್ಕಳೂ ಮರೆಯುವುದಿಲ್ಲ.

ಕಥೆ ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. 1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದರೂ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಒಕ್ಕೂಟಕ್ಕೆ ಸೇರಲಿಲ್ಲ. ಕಲಬುರಗಿ, ಬೀದರ್, ರಾಯಚೂರು ಅವನ ಸಂಸ್ಥಾನದೊಳಗೇ ಉಳಿದವು. ನಿಜಾಮನ ಪರ ನಿಂತ ಖಾಸಿಂ ರಜ್ವಿಯ ಪಡೆ, ರಜಾಕಾರರು, ಹಳ್ಳಿಗಳಿಗೆ ನುಗ್ಗಿದರು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರಟಾದಲ್ಲಿ ನಡೆದ ಹತ್ಯಾಕಾಂಡವನ್ನು ಆ ಕಡೆಯವರು ಇಂದಿಗೂ ಮರೆತಿಲ್ಲ. ಇತ್ತ ಸ್ವಾಮಿ ರಮಾನಂದ ತೀರ್ಥರು ಸ್ಟೇಟ್ ಕಾಂಗ್ರೆಸ್ ಕಟ್ಟಿ ಸೆರೆಮನೆ ಸೇರಿದ್ದರು. ಗಡಿಯಾಚೆ ಶಿಬಿರ ಹಾಕಿ ಹೋರಾಡಿದವರೂ ಇದ್ದರು. ಸೆಪ್ಟೆಂಬರ್ 13ಕ್ಕೆ ಮೇಜರ್ ಜನರಲ್ ಜೆ.ಎನ್. ಚೌಧುರಿ ಸೊಲ್ಲಾಪುರದ ಕಡೆಯಿಂದ ಭಾರತದ ದಂಡು ಹೊರಡಿಸಿದರು (ಇದೇ ಆಪರೇಷನ್ ಪೋಲೋ, ಸರ್ಕಾರದ ಬಾಯಲ್ಲಿ ಪೊಲೀಸ್ ಕಾರ್ಯಾಚರಣೆ), 17ರ ಸಂಜೆ ನಿಜಾಮ ಸೋಲೊಪ್ಪಿದ. ದೇಶದ ಸ್ವಾತಂತ್ರ್ಯ ಇಲ್ಲಿಗೆ ತಲುಪಲು 13 ತಿಂಗಳು ಹಿಡಿಯಿತು. ರೈಲು ಮಾತ್ರ ಇಲ್ಲಿಗೆ ಎಂದೋ ತಲುಪಿತ್ತು: 1874ರಲ್ಲೇ ನಿಜಾಮರ ರೈಲು ಸಿಕಂದರಾಬಾದಿನಿಂದ ಬಂದು ಮುಂಬಯಿ–ಮದ್ರಾಸು ಹಳಿಗೆ ಕೂಡಿದ್ದು ಇದೇ ವಾಡಿಯಲ್ಲಿ!

ಭಾಷಣಗಳೆಲ್ಲ ನಿಜಾಮ ಸೋಲೊಪ್ಪಿದ ಆ ಸಂಜೆಗೇ ಕಥೆ ಮುಗಿಸಿದವು. ಕಾರ್ಯಕ್ರಮವೂ ಮುಗಿದು ಸುಸಲಾ, ಮಿರ್ಚಿ ಬಂತು. ನನ್ನ ಪಕ್ಕ ಕೂತಿದ್ದ ಮುದುಕರು ಮಿರ್ಚಿಯನ್ನು ಕಾಗದಕ್ಕೆ ಒತ್ತಿ ಎಣ್ಣೆ ತೆಗೆಯುತ್ತಿದ್ದರು. ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯವರು, ಆಗ ಮೀಸೆ ಮೂಡುವ ವಯಸ್ಸಂತೆ. ನಿಮಗೆ ನೆನಪಿದೆಯೇ ಎಂದೆ.

"ನೆನಪಿಲ್ದೇನ್ರಿ. ರಜಾಕಾರ ಗದ್ದಲದಾಗ ನಮ್ಮವ್ವ ಬಂಗಾರ ಹಗೇವಿನಾಗ ಇಟ್ಟು ಮ್ಯಾಲ ಜ್ವಾಳ ಸುರುವಿದ್ಳು. ರಾತ್ರಿ ದೀಪ ಹಚ್ತಿರಲಿಲ್ಲ. ದಂಡು ಬಂತು ಅಂದಾಗ ಊರಿಗೂರೇ ಕುಣೀತು."

ಮಿರ್ಚಿ ಕಚ್ಚಿದರು, ನಿಧಾನವಾಗಿ ಅಗಿದರು.

"ಆಮ್ಯಾಲಿಂದು ಇಲ್ಲಿ ಯಾರೂ ಹೇಳೂದಿಲ್ಲ. ನಮ್ಮ ಓಣ್ಯಾಗ ಒಬ್ಬ ಮುಸಲ್ಮಾನ ದರ್ಜಿ ಇದ್ದ. ರಜಾಕಾರ ಅಲ್ಲ, ಏನಲ್ಲ, ನಮ್ಮ ಅಂಗಿ ಹೊಲಿಯಾಂವ. ದಂಡು ಬಂದು ವಾರ ಆಗಿರಲಿಲ್ಲ, ಅವನ ಮನಿಗೆ ಬೆಂಕಿ ಬಿತ್ತು. ಹಚ್ಚಿದವರು ಹೊರಗಿನವರಲ್ರಿ, ನಮ್ಮೂರವರೇ. ನಮ್ಮಪ್ಪ ಅವನ ಹೆಂಡ್ತಿ ಮಕ್ಕಳ್ನ ಕಣಕಿ ಬಣವಿ ಹಿಂದ ಕುಂಡ್ರಿಸಿ ರೊಟ್ಟಿ ಕೊಟ್ಟ. ದರ್ಜಿ ಸಿಗಲಿಲ್ಲ."

ಯಾರಾದರೂ ಕೇಳಿಸಿಕೊಂಡರೇ ಎಂದು ನಾನು ಸುತ್ತ ನೋಡಿದೆ. ಅವರೇನೂ ದನಿ ತಗ್ಗಿಸಿರಲಿಲ್ಲ.

ಅವರು ಹೇಳಿದ್ದು ಒಂದು ಓಣಿಯ ಕಥೆ. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ 1948ರ ಕೊನೆಯಲ್ಲಿ ಸಂಸ್ಥಾನ ಸುತ್ತಿ, ಪೊಲೀಸ್ ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಅದರ ನಂತರ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಹೆಚ್ಚು ನರಳಿದವು ಉಸ್ಮಾನಾಬಾದ್, ಕಲಬುರಗಿ, ಬೀದರ್, ನಾಂದೇಡ್. ಆ ವರದಿಯನ್ನು ದಶಕಗಟ್ಟಲೆ ಬೀರುವಿನಲ್ಲಿಟ್ಟರು. ರಜಾಕಾರರ ಕ್ರೌರ್ಯ ಎಷ್ಟು ನಿಜವೋ ಇದೂ ಅಷ್ಟೇ ನಿಜ. ಒಂದನ್ನು ಹೇಳಿದರೆ ಇನ್ನೊಂದು ಸುಳ್ಳಾಗುವುದಿಲ್ಲ. ಹಬ್ಬ ಬೇಕು, ಖಂಡಿತ ಬೇಕು. ನಮ್ಮ ಕಡೆಯ ಶಾಲೆಗಳಲ್ಲೂ ಈ ತಾರೀಕನ್ನು ನೆನೆಯಬೇಕು. ಆದರೆ 17ಕ್ಕೆ ಕಥೆ ನಿಲ್ಲಿಸುವ ಭಾಷಣ ನನಗೆ ಒಪ್ಪಿಗೆಯಿಲ್ಲ.

ಮರುದಿನ ಸನ್ನತಿಗೆ ಹೋದೆ, ಅಶೋಕನನ್ನೂ ನೋಡಿದೆ. ಅದು ಬೇರೆ ಕಥೆ.

ಸೆಪ್ಟೆಂಬರಿನಲ್ಲಿ ನೀವು ಆ ಕಡೆ ಹೋದರೆ, ಧ್ವಜವಂದನೆ ಆದ ಕೂಡಲೇ ಎದ್ದು ಬರಬೇಡಿ, ವಯಸ್ಸಾದವರ ಪಕ್ಕ ಕೂತು ಕೇಳಿ. 1948ರಲ್ಲಿ ಹದಿನೈದು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ.